ಮುಟ್ಟಿಯೆ ಮಡಿ

ನಮ್ಮ ಉಪ್ಪಣ್ಣನ ಬಗ್ಗೆ ಬೇರೆ ಯಾರಾದರೂ ಬರೆದರೆ ಅವನ ಕೈರುಚಿಯ ಬಗ್ಗೆ ಬರೆಯುತ್ತಾರೆ. ನಾನು ಬರೆಯುವುದು ಅವನ ಬೆನ್ನಿನ ಬಗ್ಗೆ. ರುಚಿ ಉಂಡವರ ನಾಲಿಗೆಯ ಮೇಲೆ ಅರ್ಧ ದಿನ ಇರುತ್ತದೆ, ಎಲೆ ಅಡಿಕೆ ಹಾಕಿಕೊಂಡರೆ ಅದೂ ಹೋಯಿತು. ಬೆನ್ನು ಮಾತ್ರ ಅವನ ಜೊತೆಯೇ ಉಳಿದಿದೆ, ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆಗೆ ಎದುರಿನ ಪೋರ್ಷನ್ನಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ.

ಉಪೇಂದ್ರ ನನ್ನ ದೊಡ್ಡಪ್ಪನ ಮಗ. ನಮ್ಮ ಅಜ್ಜ ಬಳ್ಳಾರಿ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಮದ್ರಾಸಿಗೆ ಬಂದವರು. ಈಗ ನಮ್ಮ ಕನ್ನಡ ಕೇಳಿದರೆ ಬಳ್ಳಾರಿಯವರು ನಮ್ಮನ್ನು ತಮಿಳರು ಅನ್ನುತ್ತಾರೆ, ನಮ್ಮ ತಮಿಳು ಕೇಳಿದರೆ ಇಲ್ಲಿಯವರು ಕನ್ನಡದವರು ಅನ್ನುತ್ತಾರೆ. ಅತ್ತ ದರಿ ಇತ್ತ ಪುಲಿ. ನಾನು ಇನ್ಶೂರೆನ್ಸ್ ಕಂಪನಿಯ ಕುರ್ಚಿಯಲ್ಲಿ ಕೂತು ಕೂತು ನಿವೃತ್ತಳಾದೆ. ಉಪ್ಪಣ್ಣ ಮೊದಲು ಗಿಂಡಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಮುಂದೆ ನಿಂತಿದ್ದ. ಆ ಕಾರ್ಖಾನೆ ಬಾಗಿಲು ಹಾಕಿತು. ಮಿಷನ್ನಿನ ಮುಂದೆ ನಿಂತವನು ಒಲೆಯ ಮುಂದೆ ನಿಂತ, ಅಷ್ಟೇ ವ್ಯತ್ಯಾಸ.

ಅವನು ತಿಥಿ ಅಡಿಗೆಯವನು. ಶ್ರಾದ್ಧದ ದಿನ ಜನರ ಮನೆಗೆ ಹೋಗಿ, ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು ಮಡಿಯಲ್ಲಿ ಅಡಿಗೆ ಮಾಡಿಕೊಡುವುದು ಅವನ ಕೆಲಸ. ಈ ಅಡಿಗೆಯಲ್ಲಿ ಒಂದು ಕಷ್ಟವಿದೆ: ನೈವೇದ್ಯವಾಗುವ ತನಕ ರುಚಿ ನೋಡುವ ಹಾಗಿಲ್ಲ. ಉಪ್ಪಣ್ಣ ಹುಳಿಯ ಹಬೆಗೆ ಮೂಗೊಡ್ಡಿ ಉಪ್ಪು ಸಾಕೋ ಸಾಲದೋ ಹೇಳುತ್ತಿದ್ದ. ಉಪೇಂದ್ರ ಅನ್ನುವ ಹೆಸರು ಉಪ್ಪಣ್ಣ ಆಗಿ ನಿಂತದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಷ್ಟ ಭಾರದ್ದು. ಮಡಿಯಲ್ಲಿದ್ದವನನ್ನು, ಅವನ ಪಾತ್ರೆಯನ್ನು, ಅವನ ನೀರನ್ನು ಮಡಿಯಲ್ಲಿಲ್ಲದವರು ಮುಟ್ಟುವಂತಿಲ್ಲ. ಮನೆ ತುಂಬ ಗಟ್ಟಿಮುಟ್ಟಾದ ಗಂಡಸರಿದ್ದರೂ ಅನ್ನದ ಹಂಡೆ ಇಳಿಸುವವನು ಒಬ್ಬನೇ. ಮುಂಚೆ ಜೊತೆಗೆ ಗಂಗಾಧರ ಎಂಬೊಬ್ಬ ಸಹಾಯಕನಿದ್ದ, ಹಂಡೆಯ ಆ ಕಡೆಯ ಹಿಡಿಬಳೆ ಅವನು ಹಿಡಿಯುತ್ತಿದ್ದ. ಅವನು ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುವ ಕೆಲಸಕ್ಕೆ ಸೇರಿಕೊಂಡ. ಆಮೇಲೆ ಜೊತೆಗೆ ಹೋಗಲು ಶುರು ಮಾಡಿದವಳು ಉಪ್ಪಣ್ಣನ ಹೆಂಡತಿ ಗೋದಾಬಾಯಿ. ನನಗೆ ಅತ್ತಿಗೆಯಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ಏಕವಚನ. ಅವಳ ಮಂಡಿ ಸವೆದುಹೋಗಿದೆ. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ತೊಳೆದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ವಡೆ ಕರಿಯುತ್ತಿದ್ದಳೇ ಹೊರತು ಹಂಡೆ ಎತ್ತುವುದು ಅವಳಿಂದಾಗುತ್ತಿರಲಿಲ್ಲ. ಈ ದಂಪತಿಗೆ ಮಕ್ಕಳಿಲ್ಲ.

ಭಾರ ಎತ್ತುವುದನ್ನು ಉಪ್ಪಣ್ಣನಿಗೆ ಕಲಿಸಿದವರು ಹಳೆಯ ಅಡಿಗೆಯ ವಿಷ್ಣುತೀರ್ಥಾಚಾರ್ಯರು, ಈಗಿಲ್ಲ. "ಎತ್ತೋವಾಗ ಹರಿ ವಾಯು ಅನ್ನು. ಎತ್ತೋನು ನೀನಲ್ಲ, ಅವನು" ಎಂಬುದು ಅವರ ಪಾಠ. ಎತ್ತುವವನು ಅವನಾದರೆ ನೋವು ಇವನಿಗೇಕೆ ಬಂತು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಉಪ್ಪಣ್ಣ, "ನಿನ್ನ ಇನ್ಶೂರೆನ್ಸ್ ಬುದ್ಧಿ ಇಲ್ಲಿ ತೋರಿಸ್ಬೇಡ ಶಾಲೂ" ಎಂದಿದ್ದ. ಹಂಡೆ ಬೆಂಕಿಯಷ್ಟು ಸುಡುತ್ತದೆ, ಮೈಗೆ ತಾಗಬಾರದು. ಮಸಿ ಪಂಚೆಗೂ ತಾಗಬಾರದು. ಆದ್ದರಿಂದ ಕಾಲು ನೆಟ್ಟಗಿಟ್ಟು, ಸೊಂಟ ಬಗ್ಗಿಸಿ, ಕೈ ಮುಂದೆ ಚಾಚಿ ಎತ್ತಬೇಕು. ಹೊಟ್ಟೆಗೂ ಹಂಡೆಗೂ ನಡುವೆ ಒಂದು ಮಗು ನುಸುಳಿ ಹೋಗುವಷ್ಟು ಜಾಗ. ಹಾಗೆ ಬಾಗಿ ಬಾಗಿ ಅವನು ಮುದುಕನಾಗುತ್ತಾ ಬಂದ.

ಬೆನ್ನು ಮೊದಲು ಕೈಕೊಟ್ಟದ್ದು ಒಲೆಯ ಮುಂದೆ ಅಲ್ಲ, ದೇವರ ಮುಂದೆ. ಬೆಳಿಗ್ಗೆ ಪೂಜೆ ಮುಗಿಸಿ ನಮಸ್ಕಾರಕ್ಕೆ ಬಗ್ಗಿದವನು ಏಳಲೇ ಇಲ್ಲ. "ಇವತ್ತು ಇವರಿಗೆ ಭಕ್ತಿ ಜಾಸ್ತಿ ಆಗಿದೆ ಅಂದ್ಕೊಂಡು ನಾನು ಸುಮ್ನೆ ಕಾಫಿ ಸೋಸ್ತಾ ಇದ್ದೆ" ಎಂದು ಗೋದತ್ತಿಗೆ ಹೇಳುತ್ತಿದ್ದಳು. ಆಗ ನಾವೆಲ್ಲ ನಕ್ಕಿದ್ದೆವು, ಉಪ್ಪಣ್ಣನೂ ನಕ್ಕಿದ್ದ.

ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ನಡುವಿನ ಡಿಸ್ಕ್ ಒಂದು ಜರುಗಿ ಕಾಲಿನ ನರದ ಮೇಲೆ ಕೂರಲು ಹೊರಟಿದೆ, ಇನ್ನು ಭಾರ ಎತ್ತಲೇಬಾರದು ಎಂದರು ಡಾಕ್ಟರು. ಎತ್ತಬೇಡ ಎಂದು ಅಡಿಗೆಯವನಿಗೆ ಹೇಳುವುದೂ ಹೊಲಿಯಬೇಡ ಎಂದು ದರ್ಜಿಗೆ ಹೇಳುವುದೂ ಒಂದೇ. ಹಂಡೆ ಇಳಿಸಲಾಗದ ಅಡಿಗೆಯವನನ್ನು ಯಾರು ಕರೆಯುತ್ತಾರೆ? ಅವನಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇರೆ ಕೆಲಸ ಕಲಿಯುವ ವಯಸ್ಸೂ ಅಲ್ಲ. ಬೆನ್ನು ಉಳಿಯಬೇಕು, ಹಂಡೆಯೂ ಏಳಬೇಕು. ಆಗ ನಾನೇ ಅವನನ್ನು ಫಿಸಿಯೋಥೆರಪಿ ಮಾನಸಳ ಹತ್ತಿರ ಕರೆದುಕೊಂಡು ಹೋದೆ.

ಸ್ಟೇಷನ್ನಿನ ಹತ್ತಿರ ಮಿಕ್ಸಿ ರಿಪೇರಿ ಅಂಗಡಿಯ ಮೇಲೆ ಮಾನಸಳ ಕ್ಲಿನಿಕ್ಕು. ಮನೆಯಲ್ಲಿ ಕನ್ನಡ ಆಡುವವರ ಮಗಳೇ, ಆದರೆ ಓದಿದ್ದೆಲ್ಲ ಇಲ್ಲಿ. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಬರುವುದು ತಮಿಳು. ಉಪ್ಪಣ್ಣ ತನ್ನ ಕಷ್ಟ ಹೇಳಿಕೊಂಡ. ಅವಳು, ಎತ್ತಲೇಬೇಕಾದರೆ ಎತ್ತುವುದನ್ನು ಸರಿಯಾಗಿ ಕಲಿಯಿರಿ ಎಂದಳು. ಮೂಲೆಯಲ್ಲಿದ್ದ ಮರಳಿನ ಚೀಲದ ಮುಂದೆ ನಿಂತು ಶಾಲೆಯ ಡ್ರಿಲ್ ಮಾಸ್ತರರ ಹಾಗೆ ಹೇಳಿದಳು:

"ಮುಟ್ಟಿಯೆ ಮಡಿ, ಮುದುಗೆ ನಿಮಿರ್ತು, ಒಟ್ಟಿ ಪಿಡಿ."

ಉಪ್ಪಣ್ಣ ನನ್ನ ಮುಖ ನೋಡಿದ. "ಮುಟ್ಟಿಯೇ ಮಡಿಯಾ? ಮುಟ್ಟಿದ ಮೇಲೆ ಎಂಥಾ ಮಡಿಯಮ್ಮಾ" ಎಂದ.

ಮಾನಸ ಪೆಚ್ಚಾದಳು, ಆಮೇಲೆ ಅರ್ಥವಾಗಿ ನಕ್ಕಳು. ತಮಿಳಿನಲ್ಲಿ ಮುಟ್ಟಿ ಎಂದರೆ ಮಂಡಿ, ಮಡಿ ಎಂದರೆ ಮಡಚು. ಮಂಡಿ ಮಡಚು, ಬೆನ್ನು ನೆಟ್ಟಗೆ ಮಾಡು, ಮೈಗೆ ಒತ್ತಿ ಹಿಡಿ ಎಂದು ಅವಳು ಹೇಳಿದ್ದು. ಹುಟ್ಟಿದಾಗಿನಿಂದ ತಮಿಳು ಆಡಿದ ಉಪ್ಪಣ್ಣನಿಗೆ ಅದು ಗೊತ್ತಿಲ್ಲದೆ ಏನಲ್ಲ. ಆದರೂ ಮಡಿ ಎಂಬ ಶಬ್ದ ಕಿವಿಗೆ ಬಿದ್ದರೆ ಅವನಿಗೆ ಹೊಳೆಯುವುದು ಒಂದೇ ಅರ್ಥ. ಕನ್ನಡದಲ್ಲಿ ಮಡಿಯುವುದು ಎಂದರೆ ಸಾಯುವುದು ಎಂದೂ ಇದೆ, ಅದನ್ನು ನಾನು ಆಗ ಹೇಳಲು ಹೋಗಲಿಲ್ಲ.

ಆ ದಿನ ಮಾನಸ ಇನ್ನೆರಡು ಮಾತು ಹೇಳಿದಳು. ಭಾರ ಕೈಯಲ್ಲಿದ್ದಾಗ ಯಾವ ಕಾರಣಕ್ಕೂ ಸೊಂಟ ತಿರುಗಿಸಬಾರದು, ತಿರುಗಬೇಕಾದರೆ ಪಾದ ಎತ್ತಿಟ್ಟು ಪೂರ್ತಿ ತಿರುಗಬೇಕು. ಎರಡನೆಯದು ಹೇಳುವಾಗ ಅವಳು ನಗಲಿಲ್ಲ. ಯಾವತ್ತಾದರೂ ಕಾಲು ಜೋಮು ಹಿಡಿದು ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಬರದಿದ್ದರೆ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. "ತಡವಾದ್ರೆ ಕಾಲು ತಿರುಂಬಿ ಬರಾದು ಮಾಮಾ" ಎಂದಳು, ನಮಗಾಗಿ ಅರ್ಧ ಕನ್ನಡ ಮಾಡಿಕೊಂಡು. ಹೋದ ಕಾಲು ಮತ್ತೆ ಬರುವುದಿಲ್ಲ ಎಂದರ್ಥ. ಗೋದತ್ತಿಗೆಯೂ ಅಲ್ಲೇ ಇದ್ದಳು. ಮೂವರೂ ಕೇಳಿಸಿಕೊಂಡೆವು.

ಮಾನಸ ಸೊಂಟಕ್ಕೆ ಒಂದು ಬೆಲ್ಟು ಕೊಟ್ಟಳು. ಹೊಲಿದ ಬಟ್ಟೆ, ಒಳಗೆ ಪಟ್ಟಿ, ಅಂಟಿಕೊಳ್ಳುವ ತುದಿ. ಅದನ್ನು ಮಡಿಗೆ ಹೇಗೆ ತರುವುದು ಎಂದು ಗಂಡ ಹೆಂಡತಿ ಎರಡು ದಿನ ವಿಚಾರ ಮಾಡಿದರು. ಉಪ್ಪಣ್ಣ ಅದನ್ನು ನೀರಲ್ಲಿ ಅದ್ದಿ ಕಟ್ಟಿಕೊಂಡು ನೋಡಿದ, ಸೊಂಟದ ಮೇಲೆ ಕೆಂಪಗೆ ಗುಳ್ಳೆ ಎದ್ದವು. ಕೊನೆಗೆ ಬೆಲ್ಟು ನಮ್ಮ ಮನೆಯ ಅಟ್ಟ ಸೇರಿತು. ಅದರ ಬದಲು ಒಂದು ಮಡಿ ಪಂಚೆಯನ್ನೇ ನಾಲ್ಕು ಮಡಿಕೆ ಮಾಡಿ ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಂಡ. ಹಂಡೆ ಮೈಗೆ ಒತ್ತಿ ಹಿಡಿದರೂ ಸುಡುವುದಿಲ್ಲ, ಸೊಂಟಕ್ಕೂ ಆಸರೆ. ಮಾನಸ ಒಪ್ಪಿದಳು. ನಾನೂ ಒಪ್ಪಬೇಕಾಯಿತು, ಇಂಥ ವಿಷಯದಲ್ಲಿ ನಾನು ಸುಲಭವಾಗಿ ಒಪ್ಪುವವಳಲ್ಲ.

ಆಮೇಲೆ ಶುರುವಾಯಿತು ನೋಡಿ ಅವನ ಸಾಧನೆ. ಬೆಳಿಗ್ಗೆ ಹಿತ್ತಲ ಬಾವಿಯ ಹತ್ತಿರ ನೀರು ತುಂಬಿದ ತಪ್ಪೇಲಿ ಇಟ್ಟುಕೊಂಡು ಕೂರುವುದು, ಏಳುವುದು. ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ ಬಸ್ಕಿ. "ಏನ್ರೀ, ಗಣಪತಿ ಹಬ್ಬ ಇನ್ನೂ ದೂರ ಇದೆ" ಎಂದು ಅತ್ತಿಗೆ ಅಡಿಗೆಮನೆಯಿಂದ ಕೂಗುತ್ತಿದ್ದಳು. ಹೊಸದಾಗಿ ಮತಕ್ಕೆ ಸೇರಿದವನು ಊರಿಗೆಲ್ಲ ಉಪದೇಶ ಮಾಡುವಂತೆ ಉಪ್ಪಣ್ಣ ಕಂಡಕಂಡವರಿಗೆ ಪಾಠ ಹೇಳತೊಡಗಿದ. ಗ್ಯಾಸ್ ಸಿಲಿಂಡರ್ ತರುವವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಪಾಠ. ನಾನು ನೀರಿನ ಕ್ಯಾನು ಎತ್ತಲು ಬಗ್ಗಿದರೆ ಎದುರು ಪೋರ್ಷನ್ನಿನ ಕಿಟಕಿಯಿಂದ ಧ್ವನಿ: "ಶಾಲೂ, ಮುಟ್ಟಿಯೆ ಮಡಿ!" ಬೀದಿಯ ತರಕಾರಿಯವಳೂ ಅವನನ್ನು ಕಂಡರೆ ಅದೇ ಮಾತು ಹೇಳಿ ನಗುತ್ತಿದ್ದಳು.

ನಿಜ ಹೇಳಬೇಕೆಂದರೆ ಗುಣ ಕಾಣಿಸಿತ್ತು. ಮಳೆಗಾಲ ಕಳೆದು ಮಾರ್ಗಶಿರ ಬರುವ ಹೊತ್ತಿಗೆ ಅವನು ಗೋಡೆ ಹಿಡಿಯದೆ ಏಳುತ್ತಿದ್ದ. ರಾತ್ರಿ ನಿದ್ದೆ ಬರುತ್ತಿದೆ ಎಂದು ಅತ್ತಿಗೆ ಹೇಳಿದಳು. ನನಗೆ ಆಗ ಎಷ್ಟು ಸಂತೋಷವಾಗಿತ್ತು ಎಂದು ನೆನೆಸಿಕೊಂಡರೆ ಈಗ ಹೊಟ್ಟೆ ಉರಿಯುತ್ತದೆ.

ಗಿಂಡಿಯ ಹತ್ತಿರದ ಒಂದು ಫ್ಲಾಟಿನಲ್ಲಿ ಮೋಹನ್ ಎಂಬವರ ಮನೆ. ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯ ಜನ. ಪ್ರತಿ ವರ್ಷ ಅವರ ತಂದೆಯ ಶ್ರಾದ್ಧಕ್ಕೆ ಉಪ್ಪಣ್ಣನದೇ ಅಡಿಗೆ. ಆ ಸಲದ ಶ್ರಾದ್ಧಕ್ಕೂ ಗಂಡ ಹೆಂಡತಿ ಬೆಳಿಗ್ಗೆಯೇ ಹೋದರು. ಮುಂದಿನದನ್ನು ನನಗೆ ಹೇಳಿದ್ದು ಗೋದತ್ತಿಗೆ. ಮೋಹನ್ ಅವರ ಮಗ ಅಜಿತ್ ಕೂಡ ಹೇಳಿದ. ಇಬ್ಬರೂ ಹೇಳಿದ್ದರಲ್ಲಿ ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಅಡಿಗೆಮನೆಯ ಹಿಂದೆ ಪಾತ್ರೆ ತೊಳೆಯುವ ಸಣ್ಣ ಜಾಗ, ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಅಲ್ಲಿ ನೆಲದ ಮೇಲೆ ದೊಡ್ಡ ಗ್ಯಾಸ್ ಒಲೆ. ಬಾಗಿಲ ಕಡೆಯ ಕೊನೆಯಲ್ಲಿ ಅತ್ತಿಗೆ ಸ್ಟೂಲಿನ ಮೇಲೆ ಕೂತು ವಡೆ ಕರಿಯುತ್ತಿದ್ದಳು. ಮುಗಿಸಿದ ಅಡಿಗೆಯೆಲ್ಲ ಬಾಗಿಲ ಹತ್ತಿರ ಸಾಲಾಗಿ ಇಟ್ಟಿತ್ತು. ಉಪ್ಪಣ್ಣ ಅನ್ನದ ಹಂಡೆ ಇಳಿಸಲು ಹೊರಟ. ಪಂಚೆ ಬಿಗಿ ಮಾಡಿಕೊಂಡ, ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತ, ಬಳೆಗಳಿಗೆ ಒದ್ದೆ ಬಟ್ಟೆ ಹಾಕಿ ಹಂಡೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಹರಿ ವಾಯು ಎಂದು ಎದ್ದ. ಬೆನ್ನು ನೆಟ್ಟಗೆ ಕೋಲಿನಂತಿತ್ತು.

ಅಜಿತ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ದಿನಾ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುವವನು, ಸರಿಯಾಗಿ ಎತ್ತುವುದು ಎಂದರೇನು ಎಂದು ಅವನಿಗೆ ಗೊತ್ತು. "ಅಂಕಲ್, ಫಾರ್ಮ್ ಸೂಪರ್" ಎಂದ. ಅಷ್ಟರಲ್ಲಿ ಉಪ್ಪಣ್ಣನ ತೋಳು ನಡುಗಿದ್ದು ಅವನ ಕಣ್ಣಿಗೆ ಬಿತ್ತು. ಪಾತ್ರೆಗಳಿಗೆ ತಾಗದಂತೆ ದಾಟಿ ಎರಡು ಹೆಜ್ಜೆ ಒಳಗೆ ಬಂದು, "ಇರಿ, ನಾನೊಂದು ಕೈ ಹಿಡೀತೀನಿ" ಎಂದು ಕೈ ಚಾಚಿದ. ಅವನಿಗೆ ಇನ್ನೂ ಸ್ನಾನವಾಗಿರಲಿಲ್ಲ. ಜಿಮ್ಮಿನ ಬಟ್ಟೆಯಲ್ಲೇ ಇದ್ದ.

"ಮುಟ್ಬೇಡಪ್ಪಾ" ಎಂದ ಉಪ್ಪಣ್ಣ. ಎಂದವನೇ ಕುದಿಯುವ ಹಂಡೆಯನ್ನು ಹುಡುಗನ ಕೈಯಿಂದ ತಪ್ಪಿಸಲು ಗೋಡೆಯ ಕಡೆ ತಿರುಗಿದ. ಪಾದ ಇಟ್ಟಲ್ಲೇ ಇತ್ತು. ತಿರುಗಿದ್ದು ಸೊಂಟ.

ಹಂಡೆ ಬೀಳಲಿಲ್ಲ. ಅದನ್ನು ಅವನು ಸಿಂಬಿಯ ಮೇಲೆ ಮೆಲ್ಲಗೆ ಇಟ್ಟ, ಒಂದಗುಳು ಚೆಲ್ಲಲಿಲ್ಲ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಜಾರುತ್ತಾ ಕೆಳಗೆ ಕೂತ, ಕೂತವನು ಪಕ್ಕಕ್ಕೆ ಮಲಗಿದ. ಕಿರುಚಲಿಲ್ಲ. ಹಲ್ಲು ಕಚ್ಚಿ ಉಸಿರು ಎಳೆದುಕೊಂಡ ಶಬ್ದ ಮಾತ್ರ ಕೇಳಿಸಿತು ಎಂದಳು ಅತ್ತಿಗೆ.

ಮನೆಯವರೆಲ್ಲ ಬಾಗಿಲಿಗೆ ಬಂದರು. ಅಜಿತ್ ಫೋನು ತೆಗೆದು ಆಂಬುಲೆನ್ಸಿಗೆ ಹೇಳುತ್ತೇನೆ ಎಂದ. ಉಪ್ಪಣ್ಣ ಮಲಗಿದಲ್ಲಿಂದಲೇ ಕೈ ಅಲ್ಲಾಡಿಸಿ ಬೇಡ ಎಂದ. ಅವನನ್ನು ಎತ್ತಿಕೊಂಡು ಹೋಗಬೇಕಾದರೆ ಹೊರಗಿನವರು ಆ ಪಾತ್ರೆಗಳ ಸಾಲಿಗೆ ಮೈ ತಾಗಿಸಿಕೊಂಡೇ ದಾಟಬೇಕು, ಅತ್ತಿಗೆಯ ಬಾಣಲೆಯನ್ನು ದಾಟಬೇಕು. ಅಡಿಗೆಯೆಲ್ಲ ಮೈಲಿಗೆ. ಶ್ರಾದ್ಧ ನಿಂತಂತೆಯೇ.

"ಸೊಂಟ ಹಿಡಕೊಂಡಿದೆ, ಅಷ್ಟೇ. ಕಾರ್ಯ ಮುಗೀಲಿ. ನಾನು ಇಲ್ಲೇ ಮಲಗಿರ್ತೀನಿ. ಯಾರೂ ಒಳಗೆ ಬರಬೇಡಿ" ಎಂದ.

ಮೋಹನ್ ಪುರೋಹಿತರ ಮುಖ ನೋಡಿದರು. ಪುರೋಹಿತರು, "ಅವರೇ ಹೇಳ್ತಾ ಇದಾರಲ್ಲ" ಎಂದರು. ತಂದೆಯ ತಿಥಿ ವರ್ಷಕ್ಕೊಮ್ಮೆ ಬರುತ್ತದೆ, ನಿಮಂತ್ರಣದ ಬ್ರಾಹ್ಮಣರು ಬಂದು ಕೂತಿದ್ದಾರೆ. ಪಿತೃಗಳು ಇನ್ನೂ ಸ್ವಲ್ಪ ಹೊತ್ತು ಕಾಯಬಲ್ಲರು, ಅವರಿಗೆ ಸಾಯುವ ಭಯವಿಲ್ಲ ಎಂದು ಹೇಳುವ ಒಬ್ಬನೂ ಆ ಮನೆಯಲ್ಲಿರಲಿಲ್ಲ. ನಾನಿದ್ದಿದ್ದರೆ ಹೇಳುತ್ತಿದ್ದೆ. ಆದರೆ ತಿಥಿ ಮನೆಗೆ ಎದುರಾಡುವ ನನ್ನಂಥವಳನ್ನು ಯಾರು ಕರೆಯುತ್ತಾರೆ?

ಎಲ್ಲರೂ ಒಳಗೆ ಹೋದ ಮೇಲೆ ಉಪ್ಪಣ್ಣ ಹೆಂಡತಿಗೆ ಮೆಲ್ಲಗೆ ಹೇಳಿದನಂತೆ: "ಗೋದಾ, ಕಾಲು ನಂದಲ್ಲ ಅನ್ನೋ ಹಾಗಿದೆ." ಅವಳಿಗೆ ಮಾನಸ ಹೇಳಿದ್ದು ನೆನಪಾಯಿತು. ಅವನಿಗೂ ನೆನಪಾಗಿತ್ತು, ಅದನ್ನು ಅವನ ಕಣ್ಣಲ್ಲಿ ನೋಡಿದೆ ಎಂದಳು. ಅವಳು ಸ್ಟೂಲಿನಿಂದ ಏಳಲು ಹೋದಳು. "ವಡೆ ತಿರುವು, ಸೀದು ಹೋಗುತ್ತೆ" ಎಂದ.

ಅವಳು ವಡೆ ತಿರುವಿದಳು. ಹುಳಿ ಬಡಿಸಲು ಕೊಟ್ಟಳು, ಪಾಯಸ ಕೊಟ್ಟಳು, ಎಲೆಗೆ ಒಂದೊಂದೇ ಕೊಡುತ್ತಾ ಹೋದಳು. ಪಿಂಡಪ್ರದಾನವಾಯಿತು. ಬ್ರಾಹ್ಮಣರು ಕೈ ತೊಳೆದುಕೊಂಡರು. ಅಡಿಗೆ ಅಮೃತದಂತಿತ್ತು, ಉಪ್ಪು ಹುಳಿ ಹದವಾಗಿತ್ತು ಎಂದು ಆಶೀರ್ವಾದ ಮಾಡಿ ಹೋದರು. ಅಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಆಂಬುಲೆನ್ಸಿನವರು ಬಂದು ಅವನನ್ನು ಎತ್ತಿದಾಗ ಪಂಚೆ ಒದ್ದೆಯಾಗಿತ್ತು. ಅದು ಮಡಿಯ ನೀರಿನ ಒದ್ದೆಯಲ್ಲ. ಅವನಿಗೇ ಅದು ಗೊತ್ತಾಗಿರಲಿಲ್ಲ.

ಆಪರೇಷನ್ ಮಾಡಿದರು. ಮುಗಿದ ಮೇಲೆ ದೊಡ್ಡ ಡಾಕ್ಟರು ಹೊರಗೆ ಬಂದು, ಬಿದ್ದ ಕೂಡಲೇ ಕರೆತಂದಿದ್ದರೆ ಆಸೆ ಇಟ್ಟುಕೊಳ್ಳಬಹುದಿತ್ತು ಎಂದರು. ಗೋದತ್ತಿಗೆ ತಲೆಯಾಡಿಸಿ, ಒಳಗೆ ಹೋಗಿ ಗಂಡನ ಹೊದಿಕೆ ಸರಿ ಮಾಡಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪುರೋಹಿತರ ಮೇಲೆ ಬಂತು, ಮೋಹನ್ ಮೇಲೆ ಬಂತು, ಸತ್ತುಹೋದ ವಿಷ್ಣುತೀರ್ಥಾಚಾರ್ಯರ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪಣ್ಣನ ಮೇಲೆ ಬಂತು. ಒಂದು ದಿನ ಅವನ ಮಂಚದ ಹತ್ತಿರ ಕೂತು ಕೇಳಿಯೇಬಿಟ್ಟೆ: "ಅಲ್ಲ ಕಣೋ ಅಣ್ಣಾ, ಆ ಹುಡುಗ ಮುಟ್ಟಿದ್ರೆ ಏನಾಗ್ತಿತ್ತು? ಆ ಮನೆಯವರು ಹೋಟೆಲಲ್ಲಿ ತಿನ್ನೋದಿಲ್ವಾ?"

"ತಿಂತಾರೆ" ಎಂದ.

"ಮತ್ತೆ?"

"ಮಡಿ ಅವರಿಗೆ ಬೇಕಾಗಿದ್ದು ಅವತ್ತು ಒಂದು ದಿನ. ಅದನ್ನ ಕೊಡೋದಕ್ಕೇ ತಾನೇ ನನ್ನ ಕರೆಯೋದು?" ಎಂದು ಸೂರು ನೋಡಿದ. "ಯೋಚನೆ ಮಾಡಿ ತಿರುಗಿದ್ದಲ್ಲ ಶಾಲೂ. ಕಲಿತದ್ದು ನಾಲ್ಕು ತಿಂಗಳದ್ದು. ತಿರುಗಿದ್ದು ಹಳೇ ರೂಢಿ."

ನಾನು ಎದ್ದು ನಮ್ಮ ಮನೆಗೆ ಬಂದು ಅತ್ತುಬಿಟ್ಟೆ.

ಅಜಿತ್ ಭಾನುವಾರಗಳಲ್ಲಿ ಬರುತ್ತಿದ್ದ. ಅವನು ಬಂದದ್ದು ನನಗೆ ದೊಡ್ಡ ವಿಷಯ. ಅವನೊಬ್ಬನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಸಾಧ್ಯವಾಗಲೇ ಇಲ್ಲ, ಕೈ ಹಿಡಿಯಲು ಬಂದವನು ಅವನು. ಮಂಚದ ಪಕ್ಕ ಮಂಡಿ ಮಡಚಿ ಕೂತು, ಉಪ್ಪಣ್ಣನನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ನೆಟ್ಟಗಿಟ್ಟು ಎತ್ತಿ, ಪಾದ ಸರಿಸಿ ಸರಿಸಿ ತಿರುಗಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದ. ಅವತ್ತು ಯಾವ ಕೈಯಿಂದ ತಪ್ಪಿಸಿಕೊಂಡನೋ ಅದೇ ಕೈಯಲ್ಲಿ ಉಪ್ಪಣ್ಣ ಮಗುವಿನ ಹಾಗೆ ಕೂತಿರುತ್ತಿದ್ದ. "ಫಾರ್ಮ್ ಸೂಪರಪ್ಪಾ" ಎಂದು ಅವನೂ ಒಮ್ಮೆ ಹೇಳಿದ. ಹುಡುಗ ಆ ಕಡೆ ಮುಖ ತಿರುಗಿಸಿಕೊಂಡ. ಆಮೇಲೆ ಭಾನುವಾರಗಳು ತಪ್ಪುತ್ತಾ ಬಂದವು, ಈಗ ಬರುವುದಿಲ್ಲ. ಅದನ್ನು ತಪ್ಪು ಎಂದು ನಾನು ಹೇಳುವುದಿಲ್ಲ. ಪ್ರತಿ ವಾರ ಬಂದು ನೋಡುವಂಥ ದೃಶ್ಯವಲ್ಲ ಅದು.

ಮಾನಸ ಬಂದು ಕಾಲುಗಳನ್ನು ಆಡಿಸಿ ಹೋಗುತ್ತಾಳೆ. ಮೊದಮೊದಲು ಬೆರಳು ಅಲ್ಲಾಡಿಸಿ ಮಾಮಾ ಎನ್ನುತ್ತಿದ್ದಳು, ಈಗ ಅದನ್ನು ಕೇಳುವುದು ಬಿಟ್ಟಿದ್ದಾಳೆ. ಮಲಗಿದಲ್ಲೇ ಬೆನ್ನಿಗೆ ಹುಣ್ಣಾಗದ ಹಾಗೆ ನೋಡಿಕೊಳ್ಳಿ ಎನ್ನುತ್ತಾಳೆ. ಹೋಗುವಾಗ ಅತ್ತಿಗೆಗೆ, ಇವರನ್ನು ಒಬ್ಬರೇ ಎತ್ತಬೇಡಿ ಎಂದು ಪ್ರತಿ ಸಲ ಹೇಳುತ್ತಾಳೆ. ಇನ್ನೊಬ್ಬರು ಎಲ್ಲಿಂದ ಬರಬೇಕು? ನಾನಿದ್ದೇನೆ, ಅರವತ್ತು ದಾಟಿದವಳು. ನಾನೊಂದು ಕಡೆ ಹಿಡಿದರೆ ಹೇಗೋ ಆಗುತ್ತದೆ.

ಹೊಟ್ಟೆಯ ಪಾಡು ನಡೆಯಬೇಕಲ್ಲ. ಗೋದತ್ತಿಗೆ ಮನೆಯಲ್ಲೇ ಮಡಿ ಅಡಿಗೆ ಮಾಡಿ ನಮ್ಮ ಸುತ್ತಿನ ಕೆಲವು ಮುದುಕರಿಗೆ ಡಬ್ಬಿ ಕಳಿಸಲು ಶುರು ಮಾಡಿದಳು. ಬೇರೆಯವರ ಕೈಯಡಿಗೆ ಉಣ್ಣದವರು, ತಾವೇ ಬೇಯಿಸಿಕೊಳ್ಳಲಾಗದವರು. ಮಡಿ ಅಂದರೆ ಮಡಿ, ಅದರಲ್ಲಿ ಅವಳು ಒಂದು ಕೂದಲೆಳೆಯಷ್ಟೂ ಮೋಸ ಮಾಡುವುದಿಲ್ಲ. ಆದ್ದರಿಂದ ಬೆಳಗಿನ ಸ್ನಾನದಿಂದ ಡಬ್ಬಿ ಹೊರಡುವ ತನಕ ಅವಳು ಗಂಡನನ್ನು ಮುಟ್ಟುವಂತಿಲ್ಲ. ಅವನ ಹಾಸಿಗೆ, ಅವನ ಬಟ್ಟೆ, ಅವನ ಮೂತ್ರದ ಚೀಲ ಎಲ್ಲವೂ ಮೈಲಿಗೆ. ಆ ಹೊತ್ತಿನಲ್ಲಿ ಅವನಿಗೆ ಏನಾದರೂ ಬೇಕಾದರೆ ನನ್ನನ್ನು ಕೂಗಬೇಕು. ತಂಗಿಯ ಕೈಯಲ್ಲಿ ಮಾಡಿಸಿಕೊಳ್ಳಲು ಸಂಕೋಚಪಟ್ಟು ಅವನು ಕೂಗುವುದಿಲ್ಲ. ಬಾಯಾರಿದರೂ ಕೂಗುವುದಿಲ್ಲ. ಮಡಿಗೆ ಅವನೇ ಈಗ ಹೊರಗಿನವನು.

ಮೊನ್ನೆ ಬೆಳಿಗ್ಗೆ ಏನೋ ಬಿದ್ದ ಸದ್ದಾಯಿತು. ಓಡಿ ಹೋದೆ. ಉಪ್ಪಣ್ಣ ನೀರಿನ ಬಾಟಲಿಗೆ ಕೈ ಚಾಚಲು ಹೋಗಿ ಮಂಚದಿಂದ ಜಾರಿದ್ದ. ಅರ್ಧ ಮೈ ನೆಲದ ಮೇಲೆ, ಕಾಲು ಮಂಚದ ಸಂದಿಯಲ್ಲಿ ತಿರುಚಿಕೊಂಡಿತ್ತು, ಕತ್ತು ಗೋಡೆಗೆ ಒತ್ತಿತ್ತು. ನಾನು ಹಿಡಿದು ಎಳೆದೆ. ಒಂದು ಇಂಚೂ ಜರುಗಲಿಲ್ಲ.

"ಅತ್ತಿಗೇ" ಎಂದು ಕೂಗಿದೆ.

"ಅವಳನ್ನ ಕರೀಬೇಡ" ಎಂದ, ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಹುಳಿ ಕುದೀತಾ ಇದೆ. ಡಬ್ಬಿ ಹೋಗ್ಲಿ. ನಾನು ಹೀಗೇ ಇರ್ತೀನಿ."

ಅಡಿಗೆಮನೆಯ ಬಾಗಿಲಲ್ಲಿ ಗೋದತ್ತಿಗೆ ನಿಂತಿದ್ದಳು. ಒದ್ದೆ ಸೀರೆ, ಕೈಯಲ್ಲಿ ಸೌಟು. ಗಂಡನನ್ನು ನೋಡಿದಳು, ಹಿಂದೆ ಒಲೆಯ ಕಡೆ ನೋಡಿದಳು. ಆ ನೋಟ ಎಷ್ಟು ಹೊತ್ತಿನದೋ ನನಗೆ ತಿಳಿಯಲಿಲ್ಲ. ಅವಳ ಕಣ್ಣ ಮುಂದೆ ಯಾವ ವಡೆ, ಯಾವ ಬಾಣಲೆ ಬಂದಿತೋ. ಸೌಟನ್ನು ಹೊಸಿಲ ಮೇಲಿಟ್ಟು ಹೊರಗೆ ಬಂದಳು.

"ಮುಟ್ಬೇಡ ಗೋದಾ. ಅಡಿಗೆ ಪೂರ್ತಿ ಹೋಗುತ್ತೆ" ಎಂದ ಅವನು.

ಅವಳು ಮುಟ್ಟಿದಳು. ಅವನ ಕಂಕುಳಲ್ಲಿ ಎರಡೂ ಕೈ ಹಾಕಿ ಬಗ್ಗಿ ನಿಂತಳು. ಕಾಲು ನೆಟ್ಟಗೆ, ಸೊಂಟ ಬಾಗಿ, ಕೈ ಮುಂದಕ್ಕೆ, ಉಪ್ಪಣ್ಣ ಹಿಂದೆ ಹಂಡೆ ಎತ್ತುತ್ತಿದ್ದ ಹಾಗೆಯೇ. ಅದನ್ನು ಅವನೂ ಕಂಡ. ಮಡಿಯ ಮಾತು ಅಲ್ಲಿಗೇ ಬಿಟ್ಟ. ಅವನು ಅಂಗಲಾಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಾಗಲ್ಲ ಕಣೇ, ಬೆನ್ನು ಹೋಗುತ್ತೆ. ಮುಟ್ಟಿಯೆ ಮಡಿ, ಗೋದಾ. ಮುಟ್ಟಿಯೆ ಮಡಿ."

"ನಂದು ಮಡಿಯಲ್ಲರೀ" ಎಂದಳು.

ಮಂಡಿಯ ಮಾತು ಹೇಳಿದಳೋ, ಸೀರೆಯ ಮಾತು ಹೇಳಿದಳೋ, ನಾನು ಕೇಳಲಿಲ್ಲ. ನಾನು ಆ ಕಡೆಗೆ ಹೋಗಿ ಅವನ ಕಾಲು ಬಿಡಿಸಿ ಹಿಡಿಯುವಷ್ಟರಲ್ಲಿ ಅವಳು ಬೆನ್ನಿನಿಂದಲೇ ಅವನನ್ನು ಎತ್ತಿ ಮಂಚಕ್ಕೆ ಹಾಕಿಯಾಗಿತ್ತು. ಒಳಗೆ ಹುಳಿ ತಳ ಹಿಡಿದ ವಾಸನೆ ಬರುತ್ತಿತ್ತು. ಅವತ್ತು ಯಾರಿಗೂ ಡಬ್ಬಿ ಹೋಗಲಿಲ್ಲ. ಉಪ್ಪಣ್ಣ ಕಣ್ಣು ಮುಚ್ಚಿಕೊಂಡ. ನಾನು ಹೋಗಿ ಒಲೆ ಆರಿಸಿ ಬಂದೆ, ನಾನು ಮುಟ್ಟಬಾರದ ಒಲೆ. ಬಂದು ನೋಡಿದಾಗಲೂ ಗೋದತ್ತಿಗೆ ಮಂಚದ ಚೌಕಟ್ಟು ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟುಕೊಂಡು, ಬಗ್ಗಿದಲ್ಲೇ ನಿಂತಿದ್ದಳು. ನೆಟ್ಟಗಾಗಲು ಅವಳಿಗೆ ಆಗುತ್ತಿರಲಿಲ್ಲ.